ಸಾಹೇಬರ ಕಾರಿನ ಲಾಕೌಟ್

ನಮ್ಮ ಪಕ್ಕದ ಮನೆಯವರು ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಜಗಲಿಯಲ್ಲಿ ನಿಂತೇ ಕೀಲಿಯ ಗುಂಡಿ ಒತ್ತುತ್ತಾರೆ. ಬೀದಿಯಲ್ಲಿರುವ ಕಾರಿನ ನಾಲ್ಕೂ ಬಾಗಿಲು ಒಟ್ಟಿಗೆ ‘ಟಕ್’ ಎನ್ನುತ್ತವೆ. ಇದರಲ್ಲಿ ಸಿಟ್ಟು ಬರುವಂಥದ್ದು ಏನೂ ಇಲ್ಲ, ಒಪ್ಪುತ್ತೇನೆ. ಆದರೂ ನನಗೆ ಬರುತ್ತದೆ. ಆ ಹೊತ್ತಿಗೆ ಕೈಯಲ್ಲಿ ಚಪಾತಿ ಹಿಟ್ಟಿದ್ದರೆ ಅದು ಎರಡು ಗುದ್ದು ಹೆಚ್ಚು ತಿನ್ನುತ್ತದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಬಂತಾ ನಿನ್ನ ಪೀಣ್ಯ?” ಎಂದು ಕೇಳುತ್ತಾರೆ.

ಬರದೆ ಏನು? ಹೋದ ತಿಂಗಳು ಅದೇ ಕಾರಿನ ಬಾಗಿಲುಗಳು ತಮಗೆ ತೋಚಿದಾಗ ಲಾಕ್ ಆಗಲು ಶುರು ಮಾಡಿದವು. ಒಬ್ಬ ಮೆಕ್ಯಾನಿಕ್ ಬಂದ. ಬಾಗಿಲು ತೆಗೆದು ಹಾಕಿ ನೋಡಲಿಲ್ಲ, ಕಿವಿಯಿಟ್ಟು ಕೇಳಲಿಲ್ಲ, “ಇಡೀ ಸೆಟ್ಟೇ ಚೇಂಜ್ ಮಾಡ್ಬೇಕು ಸಾರ್” ಎಂದುಬಿಟ್ಟ. ನಾನು ಕಾಂಪೌಂಡಿನ ಈಚೆಯಿಂದ, “ಯಾವಾಗ ಹಿಂಗಾಗುತ್ತೆ ಅಂತ ಕೇಳಿದ್ಯೇನಪ್ಪ?” ಎಂದೆ. ಅವನು ತಿರುಗಿ ಒಂದು ನಗೆ ನಕ್ಕ. ‘ಅಮ್ಮ, ನೀವು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ’ ಎನ್ನುವ ನಗೆ. ಆ ನಗೆಗೂ ನನಗೂ ಬಹಳ ಹಳೆಯ ಪರಿಚಯ. ಅದನ್ನು ನಾನು ಮೊದಲು ಕಂಡದ್ದು ಎಂಬತ್ತರ ದಶಕದಲ್ಲಿ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ.

ನಮ್ಮ ಕಾರ್ಖಾನೆ ಎಂದೇ ಬಾಯಿಗೆ ಬರುತ್ತದೆ. ನಮ್ಮದೇನಲ್ಲ, ನಾನಲ್ಲಿ ಕೆಲಸಕ್ಕಿದ್ದೆ ಅಷ್ಟೆ. ಆಗಿನವರಿಗೆಲ್ಲ ಹಾಗೆ ಹೇಳಿಕೊಳ್ಳುವ ಚಾಳಿಯಿತ್ತು. ಅಲ್ಲಿ ಸೊಲೆನಾಯ್ಡ್ ತಯಾರಾಗುತ್ತಿತ್ತು. ಹೆಸರು ಕೇಳಿ ಹೆದರಬೇಡಿ. ಬಾಬಿನ್ ಎಂಬ ಪುಟ್ಟ ರೀಲಿಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ, ನಡುವಿನ ತೂತಿನಲ್ಲಿ ಕಬ್ಬಿಣದ ಕಡ್ಡಿ ಇಟ್ಟರೆ ಆಯಿತು. ಕರೆಂಟು ಕೊಟ್ಟರೆ ಕಡ್ಡಿ ‘ಟಕ್’ ಎಂದು ಒಳಗೆ ಹೋಗುತ್ತದೆ. ತಂತಿ ಸುತ್ತಿ ಕಾಯಿಲ್ ಮಾಡುವ ಕೆಲಸ ಪೂರ್ತಿ ಹೆಂಗಸರದ್ದು. ಹೆಂಗಸರ ಬೆರಳು ಬಹಳ ನಾಜೂಕು ಎಂದು ಹೊಗಳಿ ಹೊಗಳಿ ನಮ್ಮನ್ನು ಸಾಲಾಗಿ ಕೂರಿಸಿದ್ದರು. ಸ್ಕ್ರೂಡ್ರೈವರ್ ಮಾತ್ರ ಗಂಡಸರ ಜೇಬಿನಲ್ಲೇ ಇರುತ್ತಿತ್ತು.

ಆದರೆ ಸ್ಕ್ರೂಡ್ರೈವರ್ ನನಗೆ ಹೊಸದಲ್ಲ. ನಮ್ಮಪ್ಪ ಸರ್ಕಾರದ ದೊಡ್ಡ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಭಾನುವಾರ ಬಂತೆಂದರೆ ಕ್ವಾರ್ಟರ್ಸಿನವರೆಲ್ಲ ಕೆಟ್ಟ ರೇಡಿಯೋ, ಇಸ್ತ್ರಿಪೆಟ್ಟಿಗೆ, ಕರೆಗಂಟೆಗಳನ್ನು ಹೊತ್ತು ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಚಾಪೆಯ ಮೇಲೆ ಹಳೇ ಪಂಚೆ ಹಾಸಿ ಎಲ್ಲವನ್ನೂ ಬಿಚ್ಚಿ ಹರಡುವರು. ಒಮ್ಮೆ ಅಮ್ಮ ಅಕ್ಕಿ ಆರಿಸುವಾಗ ಮೊರದಲ್ಲಿ ಮೂರು ಸ್ಕ್ರೂ ಸಿಕ್ಕಿ, ಆ ದಿನ ಅಪ್ಪನಿಗೆ ಅನ್ನಕ್ಕಿಂತ ಮೊದಲು ಬೈಗುಳ ಬಡಿಸಿದ್ದು ನೆನಪಿದೆ. ಟಾರ್ಚಿನ ಬಲ್ಬಿಗೂ ಎರಡು ಸೆಲ್ಲಿಗೂ ಉದ್ದದ ವೈರು ಬೆಸೆದು ಮಾಡಿದ ಟೆಸ್ಟ್ ಲ್ಯಾಂಪ್ ಹಿಡಿಯುವ ಕೆಲಸ ನನ್ನದು. ಅಪ್ಪ ಯಾವ ಸಾಮಾನನ್ನೂ ಮೊದಲು ಬಿಚ್ಚುತ್ತಿರಲಿಲ್ಲ. ತಂದವರನ್ನು ಕೂರಿಸಿಕೊಂಡು, “ಯಾವಾಗ ಕೆಡುತ್ತೆ, ಅದನ್ನ ಹೇಳಿ” ಎನ್ನುತ್ತಿದ್ದರು. ನನಗೂ ಅದನ್ನೇ ಹೇಳಿಕೊಟ್ಟಿದ್ದರು. ಯಾವಾಗ ಕೆಡುತ್ತೆ ಅಂತ ಕೇಳು, ಏನು ಕೆಟ್ಟಿದೆ ಅಂತ ಅದೇ ಹೇಳುತ್ತೆ. ಈ ಒಂದು ಪ್ರಶ್ನೆ ಕೇಳುವ ಸೌಜನ್ಯ ನಮ್ಮ ಕಂಪನಿಯಲ್ಲಿ ಒಬ್ಬರಿಗಾದರೂ ಇದ್ದಿದ್ದರೆ ಇಷ್ಟೆಲ್ಲ ರಂಪ ಆಗುತ್ತಲೇ ಇರಲಿಲ್ಲ.

ರಂಪಕ್ಕೆ ಕಾರಣ ಸಾಹೇಬರ ಕಾರು. ಸಾಹೇಬರೆಂದರೆ ನಮ್ಮ ಮಾಲೀಕರು. ದೆಹಲಿಯಲ್ಲಿ ಯಾವುದೋ ವಿದೇಶಿಯವರು ಬಳಸಿ ಬಿಟ್ಟ ಕಾರನ್ನು ಕೊಂಡು ತಂದಿದ್ದರು. ಮೈಸೂರು ಪಾಕಿನ ಬಣ್ಣ. ಒಳಗೆ ಕೂತರೆ ತಣ್ಣನೆ ಗಾಳಿ. ಮುಂದಿನ ಬಾಗಿಲ ಗುಬಟು ಒತ್ತಿದರೆ ಉಳಿದ ಮೂರೂ ಬಾಗಿಲ ಗುಬಟುಗಳು ತಾವಾಗಿಯೇ ಕೆಳಗಿಳಿಯುತ್ತಿದ್ದವು. ಕಾರು ಬಂದ ದಿನ ಊಟದ ಬಿಡುವಿನಲ್ಲಿ ನಾವೆಲ್ಲ ಅದನ್ನು ಸುತ್ತುವರಿದೆವು. ಡ್ರೈವರ್ ಸಿದ್ದಗಂಗಯ್ಯ, ನಮಗೆಲ್ಲ ಸಿದ್ದಣ್ಣ, ಲಗ್ಗೆರೆಯವರು, ಬಿಳಿ ಅಂಗಿ ಹಾಕಿಕೊಂಡು ಮದುವೆ ಗಂಡಿನ ಗತ್ತಿನಲ್ಲಿ ನಿಂತಿದ್ದರು.

“ನೋಡ್ರವ್ವ, ಇಂಗೆ ಒಂದ್ ಒತ್ತಿದ್ರೆ ನಾಕೂ ಬಾಗ್ಲು ಬಂದ್!”

‘ಟಕ್’. ಉಳಿದವರೆಲ್ಲ ಓ ಎಂದರು. ನಾನು ಮಾತ್ರ ಬಾಯಿ ತಪ್ಪಿ, “ಇದು ನಮ್ ಕಾಯಿಲಿನ ಸದ್ದೇ ಅಲ್ವಾ?” ಎಂದುಬಿಟ್ಟೆ. ನಾವು ದಿನವಿಡೀ ಸುತ್ತುತ್ತಿದ್ದದ್ದೇ ಆ ಬಾಗಿಲೊಳಗೂ ಕೂತಿತ್ತು. ಪಕ್ಕದಲ್ಲಿದ್ದ ಪರ್ಸನೆಲ್ ಆಫೀಸರ್ ಕೇಶವಮೂರ್ತಿಯವರು ನಕ್ಕರು. ಈಗ ತಾನೇ ಹೇಳಿದೆನಲ್ಲ, ಆ ನಗೆ. “ಅದು ಫಾರಿನ್ ಟೆಕ್ನಾಲಜಿ ಕಣಮ್ಮ ವನಜ. ನೀವು ಬಾಬಿನ್ ಕಡೆ ಗಮನ ಕೊಡಿ” ಎಂದರು.

ಆ ವರ್ಷದ ಆಯುಧಪೂಜೆಗೆ ಕಾರಿನ ಸಿಂಗಾರವನ್ನು ಕೇಶವಮೂರ್ತಿಗಳೇ ವಹಿಸಿಕೊಂಡರು. ಸಾಹೇಬರನ್ನು ಸಂತೋಷಪಡಿಸುವ ಅವಕಾಶ ಬಂದರೆ ಅವರು ಬೇರೆಯವರಿಗೆ ಬಿಟ್ಟುಕೊಡುವವರಲ್ಲ. ನಮ್ಮ ಮಷೀನುಗಳಿಗೆ ಅರಿಶಿನ ಕುಂಕುಮ, ಒಂದೊಂದು ಮೊಳ ಹೂವು. ಕಾರಿಗೆ ಬಾಳೆಕಂದು, ಬೂದುಗುಂಬಳ, ಮಾರುದ್ದದ ಚೆಂಡು ಹೂವಿನ ಹಾರ, ಸಾಲದ್ದಕ್ಕೆ ಹಸಿರು ವೈರಿನ ಸೀರಿಯಲ್ ಸೆಟ್ಟು. ಮಿಣುಕು ದೀಪ ಕಾರಿನ ಒಳಗೂ ಉರಿಯಬೇಕೆಂದು ಅವರೇ ವೈರನ್ನು ಡ್ರೈವರ್ ಬಾಗಿಲು ಮಡಚುವ ಕಡೆಯ ಸಂದಿಯಲ್ಲಿ ತುರುಕಿ ಬಾಗಿಲು ದೂಡಿದರು. “ಸಾರ್, ಅಲ್ಲಿ ಬ್ಯಾಡಿ, ಸಿಕ್ಕಾಕ್ಕೊಳ್ತದೆ” ಎಂದ ಸಿದ್ದಣ್ಣನನ್ನು ಪಕ್ಕಕ್ಕೆ ಸರಿಯುವಂತೆ ಹೇಳಿದರು, ಏಕೆಂದರೆ ಫೋಟೋಗ್ರಾಫರ್ ಬಂದಿದ್ದ. ಆ ಫೋಟೋ ದೊಡ್ಡದಾಗಿ ನಮ್ಮ ರಿಸೆಪ್ಷನ್ನಿನ ಗೋಡೆ ಹತ್ತಿತು.

ಹಬ್ಬ ಕಳೆದು ಕೆಲವು ವಾರಕ್ಕೆ ಕಾರಿನ ಬಾಗಿಲುಗಳಿಗೆ ಹುಚ್ಚು ಹಿಡಿಯಿತು. ಯಾರೂ ಒತ್ತದೆ ‘ಟಕ್’. ಒಂದು ದಿನ ಸರಿ, ಒಂದು ದಿನ ಇಲ್ಲ. ಸಿದ್ದಣ್ಣ ದೃಷ್ಟಿಯೆಂದು ನಿಂಬೆಹಣ್ಣು ಕಟ್ಟಿದರು. ಸಾಹೇಬರು ಕಂಟೋನ್ಮೆಂಟಿನ ಮೆಕ್ಯಾನಿಕ್ಕಿಗೆ ಕಳಿಸಿದರು. ಅವನು ಇಟ್ಟುಕೊಂಡ ಎರಡು ದಿನವೂ ಬಾಗಿಲುಗಳು ಸಾಧುವಾಗಿದ್ದವು, ಹಾಗಾಗಿ ಹಾಗೇ ವಾಪಸು ಕಳಿಸಿದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆ ಕಾಲದ ಪೀಣ್ಯದಲ್ಲಿ ‘ಲಾಕೌಟ್’ ಎಂಬ ಪದಕ್ಕೆ ಒಂದೇ ಅರ್ಥ. ಮಾಲೀಕ ಗೇಟಿಗೆ ಬೀಗ ಜಡಿದು ಕೆಲಸದವರನ್ನು ಹೊರಗೆ ನಿಲ್ಲಿಸುವುದು. ಹಿಂದಿನ ರಸ್ತೆಯ ಕಾರ್ಖಾನೆಯೊಂದು ಹಾಗೇ ಮುಚ್ಚಿತ್ತು. ನಮ್ಮಲ್ಲೂ ಯೂನಿಯನ್ನಿನ ಮಾತುಕತೆ ಮುರಿದು ಬಿದ್ದು, ಎಲ್ಲರ ಕಿವಿಯೂ ಗೇಟಿನ ಕಡೆಗೇ ಇತ್ತು.

ಅಂಥ ಒಂದು ಬೆಳಗ್ಗೆ ಸಾಹೇಬರು ದೊಡ್ಡ ಗಿರಾಕಿಯೊಬ್ಬರನ್ನು ಕಾರಿನಲ್ಲಿ ಕರೆತಂದರು. ಗಿರಾಕಿ ವಾಪಸು ಹತ್ತುವಾಗಲೂ ಒಳಗೆ ತಣ್ಣಗಿರಬೇಕೆಂದು ಇಂಜಿನ್ ಆರಿಸಬಾರದೆಂಬ ಅಪ್ಪಣೆ. ಸಿದ್ದಣ್ಣ ಇಳಿದರು, ಗಿರಾಕಿಗೆ ಹಿಂದಿನ ಬಾಗಿಲು ತೆಗೆದರು, ಅವರೂ ಸಾಹೇಬರೂ ಇಳಿದ ಮೇಲೆ ಹಿಂದಿನ ಬಾಗಿಲುಗಳನ್ನು ಹಾಕಿ, ಕೊನೆಗೆ ತಮ್ಮ ಬಾಗಿಲನ್ನೂ ದೂಡಿದರು. ‘ಟಕ್’. ನಾಲ್ಕೂ ಬಂದ್. ಕೀಲಿ ಒಳಗೆ, ಓಡುತ್ತಿರುವ ಇಂಜಿನ್ ಒಳಗೆ, ಗಿರಾಕಿಯ ಫೈಲೂ ಒಳಗೆ. ಸಾಹೇಬರು ಕೆಂಡಾಮಂಡಲವಾಗಿ ಇಂಗ್ಲಿಷಿನಲ್ಲಿ ಕೂಗಿದರು: “ವಿ ಆರ್ ಲಾಕ್ಡ್ ಔಟ್!” ಆಮೇಲೆ ವಾಚ್‌ಮನ್ ಬಸವರಾಜುವಿಗೆ ಕನ್ನಡದಲ್ಲಿ, ಟೂಲ್ ರೂಮಿನಿಂದ ಉದ್ದದ ಸ್ಟೀಲ್ ಸ್ಕೇಲ್ ತರಲು ಹೇಳಿದರು. ಕಿಟಕಿಯ ಗಾಜಿನ ಸಂದಿಯಲ್ಲಿ ಅದನ್ನು ಇಳಿಸಿ ಬಾಗಿಲು ತೆಗೆಯಬಹುದಿತ್ತು.

ಬಸವರಾಜು ಏದುಸಿರು ಬಿಡುತ್ತ, ಟೂಲ್ ರೂಮಿನ ದಾರಿಯಲ್ಲಿದ್ದ ನಮ್ಮ ಸೆಕ್ಷನ್ನಿನ ಬಾಗಿಲಿಗೆ ಬಂದ.

“ಲಾಕೌಟ್! ಲಾಕೌಟ್ ಆಗೋಯ್ತು! ಸಾಹೇಬ್ರೇ ಬಾಯ್ಬಿಟ್ಟು ಹೇಳಿದ್ರು! ಬೇಗ ಒಂದ್ ಸ್ಕೇಲ್...”

ಸ್ಕೇಲ್ ಎಂಬ ಮಾತು ಯಾರ ಕಿವಿಗೆ ಬೀಳಬೇಕು? ಮೊದಲು ಮಷೀನ್ ಆರಿಸಿದವರು ಯಾರೆಂದು ಕೇಳಿ. ನಾನು. “ಏಳ್ರೇ, ಲಾಕೌಟಂತೆ!” ಎಂದು ಸೆರಗು ಸಿಕ್ಕಿಸಿ ಪಕ್ಕದ ಸೆಕ್ಷನ್ನಿಗೂ ಕೂಗಿ ಹೇಳಿದವಳೂ ನಾನೇ. ಏನಾಯಿತು, ಯಾವಾಗ ಆಯಿತು ಎಂದು ಕೇಳಬೇಕೆಂದು ಅಪ್ಪನ ಹತ್ತಿರ ಕಲಿತ ಜಾಣೆ! ಹತ್ತು ನಿಮಿಷದೊಳಗೆ ಇಡೀ ಕಾರ್ಖಾನೆ ಕಾರಿನ ಸುತ್ತ ನಿಂತು “ಬೇಕೇ ಬೇಕು, ನ್ಯಾಯ ಬೇಕು” ಎಂದು ಕೂಗುತ್ತಿತ್ತು. ನ್ಯಾಯ ಯಾವುದಕ್ಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗಿರಾಕಿಯ ಮುಖ ಬಿಳಿಚಿಕೊಂಡಿತು. ಆ ಗಲಾಟೆಯ ನಡುವೆಯೇ ಸಿದ್ದಣ್ಣ ತಾವೇ ಹೋಗಿ ಸ್ಕೇಲ್ ತಂದು, ಒಂದೇ ಸಲಕ್ಕೆ ಬಾಗಿಲು ತೆಗೆದು ಫೈಲನ್ನು ಗಿರಾಕಿಯ ಕೈಗೆ ಕೊಟ್ಟರು. ಅದನ್ನು ತೆಗೆದುಕೊಂಡು ಹೋದ ಗಿರಾಕಿ ಮತ್ತೆ ಬರಲಿಲ್ಲ.

ಯಾರ ಮೇಲಾದರೂ ತಪ್ಪು ಹೊರಿಸಲೇಬೇಕಿತ್ತು. ಇನ್ನೂರು ಚಿಲ್ಲರೆ ಕೆಲಸದವರ ಮೇಲೆ ಹೊರಿಸಿದರೆ ನಿಜವಾಗಿಯೂ ಲಾಕೌಟ್ ಮಾಡಬೇಕಾಗುತ್ತದೆ. ಒಬ್ಬ ಡ್ರೈವರ್ ಆದರೆ ಸಲೀಸು. ಸಿದ್ದಣ್ಣ ಬೇಕೆಂದೇ ಬಾಗಿಲು ಹಾಕಿ, ಬಸವರಾಜುವಿನ ಬಾಯಲ್ಲಿ ‘ಲಾಕೌಟ್’ ಎಂದು ಹೇಳಿಸಿ, ಕೆಲಸದವರನ್ನು ಎಬ್ಬಿಸಿದರಂತೆ. ಸಾಕ್ಷಿ ಏನು? ಅಷ್ಟು ಚೆನ್ನಾಗಿ ಸ್ಕೇಲಿನಲ್ಲಿ ಬಾಗಿಲು ತೆಗೆದದ್ದೇ ಸಾಕ್ಷಿ! ಮೈಯೆಲ್ಲ ಉರಿಯುವುದಿಲ್ಲವೇ ಹೇಳಿ. ಕಂಟೋನ್ಮೆಂಟಿನ ಮೆಕ್ಯಾನಿಕ್ ಬೇರೆ, ‘ಯಾರೋ ವೈರಿಗೆ ಕೈ ಹಾಕಿದ್ದಾರೆ’ ಎಂದು ಚೀಟಿ ಬರೆದುಕೊಟ್ಟ. ಸಿದ್ದಣ್ಣ ಸಸ್ಪೆಂಡ್ ಆದರು. ವಿಚಾರಣೆ ಮುಗಿಯುವವರೆಗೂ ದಿನಾ ಬೆಳಗ್ಗೆ ಗೇಟಿಗೆ ಬಂದು ಸಹಿ ಹಾಕಬೇಕು, ಒಳಗೆ ಕಾಲಿಡಬಾರದು. ತಪ್ಪು ಸಾಬೀತಾದರೆ ಕೆಲಸವೇ ಹೋಯಿತು.

ಬಾಗಲಗುಂಟೆಯಿಂದ ನಡೆದು ಬರುವ ನನಗೆ ಗೇಟಿನೆದುರಿನ ಹೊಂಗೆ ಮರದ ಕೆಳಗೆ ಅವರು ದಿನಾ ಕಾಣುತ್ತಿದ್ದರು. ಮೊದಲೆರಡು ದಿನ ತಲೆ ತಗ್ಗಿಸಿ ಒಳಗೆ ಹೋದೆ. ಮೂರನೇ ದಿನ ತಡೆಯಲಾಗದೆ ಹತ್ತಿರ ಹೋಗಿ, “ಸಿದ್ದಣ್ಣ, ಅವತ್ತು ಮೊದಲು ಕೂಗಿದ್ದು ನಾನೇ” ಎಂದೆ.

“ಗೊತ್ತು ಬಿಡವ್ವ, ನಿನ್ನ ಗಂಟ್ಲು ಯಾರಿಗ್ ಗೊತ್ತಿಲ್ಲ” ಎಂದರು. ಗೇಟಿನ ಕಡೆ ಕೈ ತೋರಿಸಿದರು. “ಆ ಕಾರ್ ನಿಲ್ಲೋ ಜಾಗ ಅದೆಯಲ್ಲ, ಕಾರ್ಖಾನೆಗೆ ಜಮೀನ್ ಹೋಗೋಕ್ ಮುಂಚೆ ಅಲ್ಲೇ ನಮ್ಮಪ್ಪ ಕಣ ಮಾಡ್ತಿದ್ದದ್ದು. ರಾಗಿ ತೆನೆ ಬಡ್ದಿದೀನಿ ನಾನು ಅಲ್ಲಿ. ಇವತ್ತು ಬಸ್ರಾಜು ನನ್ನ ಒಳಕ್ ಬಿಡಲ್ಲ ಅಂತಾನೆ. ಅವ್ನ್ ತಪ್ಪಲ್ಲ, ಅವ್ನಿಗೂ ಆರ್ಡ್ರು. ಆದ್ರೆ ಕಳ್ಳನ್ ಥರ ನಿಲ್ಲಿಸವ್ರಲ್ಲವ್ವ, ಅದು ನಂಗ್ ಆಗ್ತಿಲ್ಲ.”

ಅಳುವ ಬದಲು ಅಪ್ಪನ ಪ್ರಶ್ನೆ ಕೇಳಿದೆ. “ಆ ಬಾಗಿಲು ಯಾವಾಗ ಹಂಗ್ ಮಾಡುತ್ತೆ ಸಿದ್ದಣ್ಣ? ಓಡೋವಾಗಲೂ ಆಗುತ್ತಾ?”

ಅವರು ಯೋಚಿಸಿದರು. “ಓಡೋವಾಗ ಎಂದೂ ಇಲ್ಲ. ನನ್ನ ಕಡೆ ಬಾಗ್ಲು ತೆಗ್ದು ಹಾಕಿದಾಗ್ಲೇ. ಹಿಂದ್ಗಡೇವು ಎಷ್ಟ್ ತೆಗ್ದು ಹಾಕಿದ್ರೂ ಏನೂ ಆಗಲ್ಲ.”

ಅಷ್ಟು ಸಾಕಿತ್ತು. ಸುಟ್ಟ ಕಾಯಿಲ್ ಸುಟ್ಟಂತೆಯೇ ಇರುತ್ತದೆ, ಒಂದು ದಿನ ಬದುಕಿ ಒಂದು ದಿನ ಸಾಯುವುದಿಲ್ಲ. ಬಂದು ಹೋಗುವ ರೋಗವೆಂದರೆ ಎಲ್ಲೋ ವೈರಿನ ಸಿಪ್ಪೆ ಸವೆದು ತಾಮ್ರ ಕಬ್ಬಿಣಕ್ಕೆ ತಗುಲುತ್ತಿದೆ, ತಗುಲಿದಾಗೆಲ್ಲ ಯಾರೋ ಗುಬಟು ಒತ್ತಿದಂತಾಗುತ್ತಿದೆ. ಅದು ಆ ಒಂದು ಬಾಗಿಲಿನ ಆಟಕ್ಕೆ ಮಾತ್ರ ತಗುಲುವುದಾದರೆ, ಬಾಗಿಲು ಮಡಚುವ ಕಡೆ, ಕೀಲಿನ ಹತ್ತಿರವೇ ಇರಬೇಕು. ಈ ಮಾತನ್ನು ಹೇಳಲು ಕೇಶವಮೂರ್ತಿಗಳ ರೂಮಿಗೆ ಹೋದೆ. ಅವರು ಅದೇ ನಗೆ ನಕ್ಕು, “ನಿಮ್ಮನ್ನೂ ಸಾಕ್ಷಿಗೆ ಕರೀತೀವಮ್ಮ, ಆಗ ಮಾತಾಡುವಿರಂತೆ” ಎಂದು ಕಳಿಸಿದರು.

ವಿಚಾರಣೆಯ ದಿನ ಹೋದರೆ ನನ್ನ ಹೇಳಿಕೆ ಆಗಲೇ ಟೈಪಾಗಿ ಕೂತಿತ್ತು! ‘ಲಾಕೌಟ್ ಎಂದು ಕೂಗುವಂತೆ ಡ್ರೈವರ್ ನನಗೆ ಮೊದಲೇ ತಿಳಿಸಿದ್ದ’ ಎಂದು. ನಾನು ಆಡದ ಮಾತು, ನನ್ನ ಹೆಸರಿನ ಮೇಲೆ, ಅಂದವಾದ ಅಕ್ಷರದಲ್ಲಿ. ಸಾಹೇಬರು ಒಂದು ಕುರ್ಚಿಯಲ್ಲಿ, ಸಿದ್ದಣ್ಣ ಗೋಡೆಗೆ ಒರಗಿ. ಕೇಶವಮೂರ್ತಿಗಳು ಪೆನ್ನು ಮುಂದೆ ಹಿಡಿದು, “ಒಂದು ಸಹಿ ಅಷ್ಟೆ. ಇಲ್ಲಾಂದ್ರೆ ಮೊದಲು ಮಷೀನ್ ನಿಲ್ಲಿಸಿದ್ದು ಯಾರು ಅನ್ನೋ ಪ್ರಶ್ನೆ ಬರುತ್ತೆ ನೋಡಿ” ಎಂದರು.

ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಹೆದರಿಕೆಗಿಂತ ದೊಡ್ಡದಿತ್ತು. “ಬರ್ಲಿ ಸಾರ್. ನಿಲ್ಲಿಸಿದ್ದು ನಾನೇ, ಯಾರೂ ಹೇಳ್ಕೊಟ್ಟಿಲ್ಲ. ಸಹಿ ಹಾಕಲ್ಲ. ನಂಗೆ ಐದು ನಿಮಿಷ ಆ ಬಾಗಿಲು ನೋಡೋಕೆ ಬಿಡಿ” ಎಂದೆ.

ಸಾಹೇಬರಿಗೆ ಬೇಗ ಮುಗಿದರೆ ಸಾಕಿತ್ತು. “ನೋಡ್ಲಿ ಬಿಡ್ರಿ, ಆಮೇಲೆ ಸಹಿ ಹಾಕ್ಲಿ” ಎಂದರು.

ನಮ್ಮ ಸೆಕ್ಷನ್ನಿನ ಟೆಸ್ಟ್ ಲ್ಯಾಂಪ್ ತಂದೆ. ಸುತ್ತಿದ ಪ್ರತಿ ಕಾಯಿಲಿಗೂ ನಾವು ಅದನ್ನು ಹಿಡಿದು ನೋಡುತ್ತಿದ್ದೆವು. ಅದರ ಒಂದು ತುದಿ ತಂತಿಗೆ, ಇನ್ನೊಂದು ಕಬ್ಬಿಣಕ್ಕೆ ಮುಟ್ಟಿಸಿದಾಗ ಬಲ್ಬು ಹತ್ತಿದರೆ ಸಿಪ್ಪೆ ಹೋಗಿದೆಯೆಂದು ಅರ್ಥ. ಕಾರಿನ ಬ್ಯಾಟರಿ ಕಳಚಲು ಹೇಳಿ, ಡ್ರೈವರ್ ಬಾಗಿಲಿಂದ ಬರುವ ಲಾಕಿನ ವೈರಿಗೆ ಒಂದು ತುದಿ, ಬಾಗಿಲ ತಗಡಿಗೆ ಇನ್ನೊಂದು ತುದಿ ಹಿಡಿದೆ. “ಸಿದ್ದಣ್ಣ, ಬಾಗಿಲು ಮೆಲ್ಲಗೆ ಹಾಕಿ.” ಅವರು ಒಮ್ಮೆ ಸಾಹೇಬರ ಮುಖ ನೋಡಿ ಬಾಗಿಲು ಹಿಡಿದರು. ಪೂರ್ತಿ ತೆರೆದಾಗ ಬಲ್ಬು ಸತ್ತಿತ್ತು. ಅರ್ಧಕ್ಕೆ ಬಂದಾಗಲೂ ಸತ್ತಿತ್ತು. ಇನ್ನೇನು ಹಾಕಿಕೊಳ್ಳಬೇಕು ಎನ್ನುವಾಗ ಫಕ್ಕನೆ ಹತ್ತಿತು. ತೆಗೆದರೆ ಆರಿತು, ಹಾಕಿದರೆ ಹತ್ತಿತು. ಎಂಟು ಸಲ ಮಾಡಿಸಿದೆ. ಮೂರೇ ಸಾಕಿತ್ತು, ಮಿಕ್ಕ ಐದು ನನ್ನ ಹೊಟ್ಟೆಯುರಿಗೆ.

ಬಾಗಿಲಿಗೂ ಅದರ ಚೌಕಟ್ಟಿಗೂ ನಡುವೆ ವೈರು ಹಾದುಬರುವ ರಬ್ಬರಿನ ಕೊಳವೆಯಿತ್ತು. ಒಂದು ಕಡೆ ಹರಿದಿತ್ತು. ಅದನ್ನು ಹಿಂದಕ್ಕೆ ಸರಿಸಿದಾಗ ಒಳಗೆ ಸಿಪ್ಪೆ ಸುಲಿದ ವೈರು ಕೆಂಪಗೆ ಕಂಡಿತು. ಅದರ ಪಕ್ಕದಲ್ಲಿ ಒಣಗಿದ ಚೆಂಡು ಹೂವಿನ ಎಸಳು, ಬೆರಳುದ್ದದ ಒಂದು ಹಸಿರು ವೈರಿನ ತುಂಡು.

“ಇದೇನಿದು?” ಎಂದರು ಸಾಹೇಬರು.

ನಾನು ಬಾಯಿ ತೆರೆಯುವ ಮೊದಲೇ ಬಸವರಾಜು, ಪಾಪ, ಯಾವ ದುರುದ್ದೇಶವೂ ಇಲ್ಲದೆ, ಸಹಾಯ ಮಾಡುವ ಉತ್ಸಾಹದಲ್ಲಿ, “ಸಾರ್, ಇದು ನಮ್ ರಿಸೆಪ್ಷನ್ ಫೋಟೋದಲ್ಲಿರೋ ಸೀರಿಯಲ್ ಸೆಟ್ ಅಲ್ವಾ? ಮೂರ್ತಿ ಸಾಹೇಬ್ರು ಇದೇ ಬಾಗ್ಲಲ್ಲಿ ಸಿಕ್ಕಿಸ್ತಾ ನಗ್ತಾವ್ರಲ್ಲ!” ಎಂದ.

ವಿಚಾರಣೆ ಮಾಡುವವರೇ ತಪ್ಪು ಮಾಡಿದವರೂ ಆದಾಗ ಏನು ಮಾಡಬೇಕೆಂದು ಅವರ ರೂಲ್ ಪುಸ್ತಕದಲ್ಲಿ ಇರಲಿಲ್ಲವೋ ಏನೋ. ಸಾಹೇಬರು ತಮ್ಮ ರೂಮಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ರಿಸೆಪ್ಷನ್ನಿನಲ್ಲಿ ಫೋಟೋ ಇರಲಿಲ್ಲ, ಮೊಳೆ ಮಾತ್ರ ಇತ್ತು. ಯಾರೂ ಸಿದ್ದಣ್ಣನ ಹತ್ತಿರ ಹೋಗಿ ‘ತಪ್ಪಾಯಿತು’ ಎಂದು ಒಂದು ಮಾತು ಹೇಳಲಿಲ್ಲ. ನನ್ನ ವಿಷಯ ಬಿಡಿ, ಟೆಸ್ಟ್ ಲ್ಯಾಂಪನ್ನು ಸೆಕ್ಷನ್ನಿನಿಂದ ಹೊರಗೆ ಒಯ್ದದ್ದಕ್ಕೆ ನನಗೆ ಬೈಗುಳವಾಯಿತು.

ಮರುದಿನ ಸಿದ್ದಣ್ಣ ಬಿಳಿ ಅಂಗಿ ಹಾಕಿಕೊಂಡು ಒಳಗೆ ಬಂದರು. ಕೈಯಲ್ಲಿ ಕಂಪನಿಯ ಮೊಹರಿದ್ದ ಇಂಗ್ಲಿಷ್ ಕಾಗದ. ಊಟದ ಬಿಡುವಿನಲ್ಲಿ ನನ್ನ ಹತ್ತಿರ ತಂದು, “ಏನ್ ಬರ್ದವ್ರೆ ಓದವ್ವ” ಎಂದರು.

ಓದಿದೆ. ‘ನಿಮ್ಮ ದೀರ್ಘ ಸೇವೆಯನ್ನು ಗಮನಿಸಿ, ಆಡಳಿತವು ಈ ಬಾರಿ ನಿಮ್ಮ ತಪ್ಪನ್ನು ಕರುಣೆಯಿಂದ ಕ್ಷಮಿಸಿದೆ. ಮುಂದೆ ಇಂಥದ್ದು ಮರುಕಳಿಸಿದರೆ ಕಠಿಣ ಕ್ರಮ ಕೈಗೊಳ್ಳಲಾಗುವುದು.’ ಕೆಳಗೆ ಕೇಶವಮೂರ್ತಿಗಳ ಸಹಿ. ಕ್ಷಮಿಸಿದ್ದಾರಂತೆ! ಅವರು, ಇವರನ್ನು! ಕಾಗದವನ್ನು ಅಲ್ಲೇ ಹರಿದು ಹಾಕುವಷ್ಟು ಸಿಟ್ಟು ಬಂತು. ತಲೆಯೆತ್ತಿ ನೋಡಿದರೆ ಸಿದ್ದಣ್ಣ ನನ್ನ ಬಾಯನ್ನೇ ನೋಡುತ್ತಿದ್ದರು.

“ನಿಮ್ಮದೇನೂ ತಪ್ಪಿಲ್ಲ ಅಂತ ಬರ್ದಿದ್ದಾರೆ ಸಿದ್ದಣ್ಣ” ಎಂದೆ.

“ಇನ್ನೊಂದ್ ಸಲ ಓದು.”

ಇನ್ನೊಂದು ಸಲವೂ ಹಾಗೇ ಓದಿದೆ, ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡು. ಸಿದ್ದಣ್ಣ ಕಣ್ಣೊರೆಸಿಕೊಂಡು ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು. ಕಂಪನಿಯವರು ತಮ್ಮ ತಪ್ಪಿಗೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದರಲ್ಲ ಎಂಬ ಕಿಚ್ಚು ಇದೆಯಲ್ಲ, ಅದು ಈಗಲೂ ಚಪಾತಿ ಹಿಟ್ಟಿನ ಮೇಲೆ ಬೀಳುತ್ತಿರುವುದು.

ಕೆಲವು ವರ್ಷದ ಮೇಲೆ ಸಿದ್ದಣ್ಣ ಲಗ್ಗೆರೆಯಲ್ಲಿ ಉಳಿದ ತುಂಡು ಜಾಗದಲ್ಲಿ ಬಾಡಿಗೆಗೆಂದು ಮನೆಗಳ ಸಾಲು ಕಟ್ಟಿಸಿದರು. ಪೂಜೆಗೆ ನನ್ನನ್ನೂ ಕರೆದಿದ್ದರು. ಹೋಗಿ ಅವರ ನಡುಮನೆಯಲ್ಲಿ ಕೂತು ತಲೆಯೆತ್ತಿದರೆ, ದೇವರ ಪಟಗಳ ಪಕ್ಕದಲ್ಲಿ, ಗಾಜು ಹಾಕಿ ಕಟ್ಟು ಹಾಕಿಸಿದ ಅದೇ ಕಾಗದ! ಕೈಯಲ್ಲಿದ್ದ ಪಾಯಸದ ಲೋಟ ಹಾಗೇ ನಿಂತಿತು. ಪೇಟೆಯ ಜನ ತುಂಬಿದ ಮನೆ. ಯಾರಾದರೂ ಒಬ್ಬರು ಇಂಗ್ಲಿಷ್ ಓದಿದರೆ ಅವರ ಮಾನ ಏನಾಗಬೇಕು? ಮೆಲ್ಲಗೆ ಅವರನ್ನು ಪಕ್ಕಕ್ಕೆ ಕರೆದೆ.

“ಸಿದ್ದಣ್ಣ, ಆ ಕಾಗದ... ಅವತ್ತು ನಾನು ಓದಿದ್ದು...”

“ಗೊತ್ತವ್ವ” ಎಂದರು. “ಅವತ್ತೇ ಸಂಜೆ ನಮ್ಮೂರ ಇಸ್ಕೂಲ್ ಮೇಷ್ಟ್ರ ತಾವ ಓದಿಸ್ದೆ.”

“ಮತ್ತೆ ಯಾಕೆ ಕಟ್ಟು ಹಾಕಿಸಿದ್ರಿ?”

ಅವರು ಗೋಡೆಯ ಕಡೆ ನೋಡಿ, ಹೆಗಲ ಟವಲಿನಿಂದ ಗಾಜಿನ ಧೂಳು ಒರೆಸಿದರು.

“ನೀನ್ ಸರ್ಯಾಗೇ ಓದ್ದೆ ಕಣವ್ವ. ಅವ್ರು ಬರ್ಯೋದ್ರಲ್ಲಿ ತಪ್ಪ್ ಮಾಡವ್ರೆ.”